ಫೀಲ್ಡ್‌ನಲ್ಲಿ ದುಡಿಯುವವರಿಗೆ ಸಂಶೋಧನೆಯ ಪದಗಳನ್ನು ಬಿಡಿಸಿ ಹೇಳುವುದು ಹೇಗೆ?

ಬೆಳಗಾವಿ ಹಳ್ಳಿಗಳಲ್ಲಿ ಹೆರಿಗೆಯ ಮಾಹಿತಿ ಬರೆದುಕೊಳ್ಳುವ ನರ್ಸ್, ತಿಕೋಟಾದ ದ್ರಾಕ್ಷಿ ತೋಟದಲ್ಲಿ ಬ್ರಿಕ್ಸ್ (ಹಣ್ಣಿನ ಸಿಹಿಯ ಅಳತೆ) ನೋಡುವ ಫೀಲ್ಡ್ ಅಸಿಸ್ಟಂಟ್, ಬಾಗಲಕೋಟೆಯಲ್ಲಿ ದಾಳಿಂಬೆ ಗಿಡಕ್ಕೆ ಚೀಟಿ ಕಟ್ಟುವ ಎಂ.ಎಸ್ಸಿ. ಹುಡುಗ, ಟ್ಯಾಬ್ ಹಿಡಿದು ಮನೆಮನೆ ಸುತ್ತುವ ಸರ್ವೆಯವರು. ಸಂಶೋಧನೆಯ ಅಂಕಿಸಂಖ್ಯೆ ಹುಟ್ಟುವುದು ಇವರ ಕೈಯಲ್ಲೇ. ಹೈಪಾಥಿಸಿಸ್, ಕಂಟ್ರೋಲ್, ರ್ಯಾಂಡಮ್, ಬಯಾಸ್, ಪಿ-ವ್ಯಾಲ್ಯೂ ಎಂಬ ಪದಗಳನ್ನು ಇವರೆಲ್ಲ ಕೇಳಿರುತ್ತಾರೆ. ತರಬೇತಿಯಲ್ಲಿ ಸ್ಲೈಡ್ ಮೇಲೆ ನೋಡಿ ತಲೆಯಾಡಿಸಿರುತ್ತಾರೆ. ಮರುದಿನ ಹಳ್ಳಿಗೆ ಹೋದಾಗ ಆ ಪದಕ್ಕೂ ಕೈಯಲ್ಲಿರುವ ಫಾರ್ಮಿಗೂ ಏನು ಸಂಬಂಧ ಅಂತ ಹೊಳೆಯುವುದಿಲ್ಲ.

ಇಂಥವರಿಗೆ ಪಾಠ ಹೇಳಬೇಕಾದ ಮೇಲ್ವಿಚಾರಕರು, ಪ್ರಾಜೆಕ್ಟ್ ಕೋಆರ್ಡಿನೇಟರ್‌ಗಳು, ಕಾಲೇಜು ಮೇಷ್ಟ್ರುಗಳಿಗಾಗಿ ಈ ಬರಹ. ನಾನು ಹಿಡಿದಿರುವ ದಾರಿ ಒಂದೇ: ಪ್ರತಿ ಪದವನ್ನೂ ಅದು ಮಾಡಿಸುವ ಕೆಲಸದಿಂದ ವಿವರಿಸುವುದು. "ರ್ಯಾಂಡಮ್ ಎಂದರೆ ಪ್ರತಿಯೊಬ್ಬರಿಗೂ ಗೊತ್ತಿರುವಷ್ಟು ಸಂಭವನೀಯತೆ ಇರುವ ಆಯ್ಕೆ" ಎಂದು ಶುರು ಮಾಡಿದರೆ ಅರ್ಧ ಕೋಣೆ ಮೊಬೈಲ್ ನೋಡುತ್ತದೆ. "ಕೀಲಿ ಹಾಕಿದ ಮನೆ ಬಂದರೆ ಏನು ಮಾಡ್ತೀರಿ?" ಎಂದು ಕೇಳಿದರೆ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ.

ಹಂತ 1: ಮೊದಲು ಅವರ ಬಾಯಿಂದ ಕೇಳಿ

ಬೋರ್ಡಿನ ಮೇಲೆ ಏನನ್ನೂ ಬರೆಯಬೇಡಿ. ನಿನ್ನೆ ಫೀಲ್ಡ್‌ನಲ್ಲಿ ಏನೇನು ಮಾಡಿದಿರಿ ಅಂತ ಒಬ್ಬೊಬ್ಬರಿಂದ ಹೇಳಿಸಿ. ಯಾವ ಮನೆಗೆ ಮೊದಲು ಹೋದಿರಿ, ಯಾಕೆ? ಎರಡು ಸಲ ತೂಕ ಮಾಡಿದಾಗ ಬೇರೆ ಬೇರೆ ಬಂದರೆ ಯಾವುದನ್ನು ಬರೆದಿರಿ? ಉತ್ತರ ಬರೆಯುವಾಗ ಅನುಮಾನ ಬಂದಿದ್ದು ಎಲ್ಲಿ?

ಹೀಗೆ ಅರ್ಧ ಗಂಟೆ ಮಾತಾಡಿಸಿದರೆ ನಿಮಗೆ ಬೇಕಾದ ಪದಗಳೆಲ್ಲ ಅವರ ಅನುಭವದೊಳಗೇ ಕೂತಿರುವುದು ಕಾಣುತ್ತದೆ. ಹೆಸರು ಮಾತ್ರ ಇರುವುದಿಲ್ಲ. "ನಮ್ಮ ಅಕ್ಕೋರು ಬರೆದದ್ದಕ್ಕೂ ನಾ ಬರೆದದ್ದಕ್ಕೂ ತಾಳೆ ಆಗಲಿಲ್ರಿ" ಎಂದು ಒಬ್ಬಳು ಹೇಳಿದರೆ, ಅಳತೆಯ ರಿಲಯಬಿಲಿಟಿ (ಯಾರು, ಎಷ್ಟು ಸಲ ಅಳೆದರೂ ಒಂದೇ ಉತ್ತರ ಬರುವುದು) ಬಗ್ಗೆ ಇಡೀ ಪಾಠ ಆ ಒಂದು ವಾಕ್ಯದಲ್ಲಿದೆ.

ಇನ್ನೊಂದು ಎಚ್ಚರ. ಕೆಲವು ಪದಗಳಿಗೆ ಬಜಾರಿನಲ್ಲಿ ಒಂದು ಅರ್ಥ, ಸಂಶೋಧನೆಯಲ್ಲಿ ಇನ್ನೊಂದು. 'ಎರರ್' ಅಂದ ಕೂಡಲೇ "ನಾನು ತಪ್ಪು ಮಾಡಿದೆ" ಅಂತ ಹೆದರುತ್ತಾರೆ. ಅಳತೆಯಲ್ಲಿ ತಾನಾಗಿಯೇ ಬರುವ ಏರುಪೇರಿಗೂ ಅದೇ ಹೆಸರು ಅಂತ ಮೊದಲ ದಿನವೇ ಹೇಳಿಬಿಡಿ. ಇಲ್ಲದಿದ್ದರೆ ಏರುಪೇರು ಮುಚ್ಚಿಡಲು ಎರಡನೇ ಅಳತೆಯನ್ನು ಮೊದಲನೆಯದಕ್ಕೆ ಹೊಂದಿಸಿ ಬರೆಯುತ್ತಾರೆ. ಹಾಗೆ ಹೊಂದಿಸಿದ ಅಂಕಿ ಚೆಂದ ಕಾಣುತ್ತದೆ, ಉಪಯೋಗಕ್ಕೆ ಬರುವುದಿಲ್ಲ.

ಹಂತ 2: ಒಂದೇ ಅಧ್ಯಯನ ಹಿಡಿದುಕೊಳ್ಳಿ

ಒಂದೊಂದು ಪದಕ್ಕೆ ಒಂದೊಂದು ದೇಶದ ಉದಾಹರಣೆ ಕೊಟ್ಟರೆ ತಲೆ ಕೆಡುತ್ತದೆ. ನಮ್ಮ ಭಾಗದ್ದೇ ಒಂದು ಒಳ್ಳೆಯ ಅಧ್ಯಯನ ಇರುವಾಗ ದೂರ ಯಾಕೆ ಹೋಗಬೇಕು?

ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರ ಸೆಪ್ಟೆಂಬರ್‌ನಿಂದ 2005ರ ಡಿಸೆಂಬರ್‌ವರೆಗೆ ಒಂದು ಅಧ್ಯಯನ ನಡೆಯಿತು. ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ತಂಡ ಅಮೆರಿಕದ ಸಂಶೋಧಕರ ಜೊತೆ ಸೇರಿ ಮಾಡಿದ್ದು. ಹೆರಿಗೆಯಾದ ಮೇಲೆ ಆಗುವ ವಿಪರೀತ ರಕ್ತಸ್ರಾವ ತಾಯಂದಿರ ಸಾವಿಗೆ ದೊಡ್ಡ ಕಾರಣ. ಆಸ್ಪತ್ರೆಯಲ್ಲಾದರೆ ಆಕ್ಸಿಟೋಸಿನ್ ಇಂಜೆಕ್ಷನ್ ಇದೆ. ಆದರೆ ಅದನ್ನು ತಣ್ಣಗೆ ಇಡಬೇಕು, ಸೂಜಿ ಬೇಕು, ಚುಚ್ಚಲು ತರಬೇತಿ ಬೇಕು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆಯಾದರೆ ಏನು ಮಾಡುವುದು? ಮಿಸೋಪ್ರೋಸ್ಟಾಲ್ ಎಂಬ ಗುಳಿಗೆಗೆ ಫ್ರಿಜ್ ಬೇಡ, ಬಾಯಲ್ಲಿ ನುಂಗಿದರೆ ಸಾಕು. ಅದು ಕೆಲಸ ಮಾಡುತ್ತದೆಯೇ ಎಂಬುದೇ ಪ್ರಶ್ನೆ.

ಒಟ್ಟು 1,620 ಬಾಣಂತಿಯರು. 812 ಜನರಿಗೆ 600 ಮೈಕ್ರೋಗ್ರಾಂ ಮಿಸೋಪ್ರೋಸ್ಟಾಲ್, 808 ಜನರಿಗೆ ನೋಡಲು ಅದರಂತೆಯೇ ಇರುವ, ಒಳಗೆ ಔಷಧಿ ಇಲ್ಲದ ಗುಳಿಗೆ. ಹೆರಿಗೆ ಮಾಡಿಸಿ, ಗುಳಿಗೆ ಕೊಟ್ಟು, ರಕ್ತ ಅಳೆದವರು 25 ಮಂದಿ ಎ.ಎನ್.ಎಂ. (ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವ ಸಹಾಯಕ ನರ್ಸ್) ಸಿಸ್ಟರ್‌ಗಳು. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಈ 25 ಸಿಸ್ಟರ್‌ಗಳ ಮಾತು ಹೇಳಿದಾಗ ತರಬೇತಿಗೆ ಬಂದವರ ಬೆನ್ನು ನೆಟ್ಟಗಾಗುವುದನ್ನು ನೋಡಿದ್ದೇನೆ. ಇಲ್ಲಿ ನಾಯಕರು ಅವರಂಥವರೇ, ಅಲ್ವಾ?

ಈಗ ಪದಗಳಿಗೆ ಬರಬಹುದು.

ಹಂತ 3: ಊಹೆಯನ್ನು ಸೋಲುವಂತೆ ಬರೆಸಿ

ಹೈಪಾಥಿಸಿಸ್ ಅನ್ನು ಶಾಲೆಯ ಪುಸ್ತಕಗಳು ಪ್ರಾಕ್ಕಲ್ಪನೆ ಎನ್ನುತ್ತವೆ. ಊಹೆ ಎಂದರೂ ನಡೆಯುತ್ತದೆ, ಒಂದು ಷರತ್ತಿನ ಮೇಲೆ: ಅದು ಸುಳ್ಳಾಗಲು ಅವಕಾಶ ಇರಬೇಕು. ತತ್ತ್ವಜ್ಞಾನಿ ಕಾರ್ಲ್ ಪಾಪರ್ ಒತ್ತಿ ಹೇಳಿದ್ದು ಇದನ್ನೇ.

ಇದನ್ನು ಕಲಿಸಲು ಒಂದು ಚಟುವಟಿಕೆ. ಎಲ್ಲರ ಕೈಗೂ ಈ ವಾಕ್ಯ ಕೊಡಿ: "ಬೇವಿನ ಹಿಂಡಿ ಹಾಕಿದರೆ ದಾಳಿಂಬೆ ಚೆನ್ನಾಗಿ ಬರುತ್ತದೆ." ಆಮೇಲೆ ಕೇಳಿ, ಯಾವ ಫಲಿತಾಂಶ ಬಂದರೆ ಈ ಮಾತನ್ನು ಬಿಟ್ಟುಕೊಡುತ್ತೀರಿ? ಉತ್ತರ ಬರುವುದಿಲ್ಲ. ಇಳುವರಿ ಕಡಿಮೆಯಾದರೆ "ಹಣ್ಣಿನ ಬಣ್ಣ ಚೆನ್ನಾಗಿದೆ" ಎನ್ನಬಹುದು. ಬಣ್ಣವೂ ಇಲ್ಲದಿದ್ದರೆ "ಭೂಮಿ ಸುಧಾರಿಸಿದೆ" ಎನ್ನಬಹುದು. ಯಾವ ಕಡೆ ಬಿದ್ದರೂ ಗೆದ್ದೆ ಎನ್ನುವ ಮಾತಿದು.

ಈಗ ತಿದ್ದಿಸಿ. ಎಷ್ಟು ಹಿಂಡಿ? ಯಾವ ವಯಸ್ಸಿನ ಗಿಡ? ಯಾವ ಬಹಾರಿನಲ್ಲಿ (ಹೂ ಬಿಡಿಸುವ ಹಂಗಾಮಿನಲ್ಲಿ)? 'ಚೆನ್ನಾಗಿ' ಅಂದರೆ ಏನು, ಒಂದು ಗಿಡಕ್ಕೆ ಎಷ್ಟು ಕಿಲೋ ಹಣ್ಣು ಎಂದೇ? ಯಾವುದಕ್ಕೆ ಹೋಲಿಸಿ? ಕೊನೆಗೆ ವಾಕ್ಯ ಹೀಗಾಗುತ್ತದೆ: "ಐದು ವರ್ಷದ ಗಿಡಗಳಿಗೆ ಹಸ್ತ ಬಹಾರಿನಲ್ಲಿ ಗಿಡಕ್ಕೆ ಎರಡು ಕಿಲೋ ಬೇವಿನ ಹಿಂಡಿ ಹಾಕಿದರೆ, ಹಾಕದ ಗಿಡಗಳಿಗಿಂತ ಹಣ್ಣಿನ ತೂಕ ಜಾಸ್ತಿ ಇರುತ್ತದೆ." ಇದು ಸೋಲಬಹುದಾದ ಮಾತು. ಹಾಗಾಗಿ ಪರೀಕ್ಷೆಗೆ ಯೋಗ್ಯ. ಈ ವಾಕ್ಯದಲ್ಲೇ ಇನ್ನೆರಡು ಪದಗಳೂ ಸಿಕ್ಕವು. ನಾವು ಬದಲಿಸುವುದು ಹಿಂಡಿ, ಅದು ಸ್ವತಂತ್ರ ಚರ. ನಾವು ಅಳೆಯುವುದು ಹಣ್ಣಿನ ತೂಕ, ಅದು ಅವಲಂಬಿತ ಚರ. ಇವೆರಡನ್ನು ಬೇರೆ ಪಾಠವಾಗಿ ಮಾಡುವ ಅಗತ್ಯವೇ ಇಲ್ಲ.

ನಲ್ ಹೈಪಾಥಿಸಿಸ್ ಎಂದರೆ "ಏನೂ ವ್ಯತ್ಯಾಸ ಇಲ್ಲ" ಎಂಬ ಮಾತು. ನಮ್ಮ ಬೆಳಗಾವಿ ಅಧ್ಯಯನದಲ್ಲಿ: "ಗುಳಿಗೆ ಕೊಟ್ಟರೂ ಕೊಡದಿದ್ದರೂ ರಕ್ತಸ್ರಾವ ಅಷ್ಟೇ." ಲೆಕ್ಕ ಶುರುವಾಗುವುದು ಇಲ್ಲಿಂದ. ಅಂಕಿಗಳು ಈ ಮಾತಿಗೆ ಹೊಂದುವುದಿಲ್ಲ ಎಂದು ಕಂಡಾಗ ಮಾತ್ರ ಇದನ್ನು ಕೈಬಿಡುತ್ತೇವೆ. ಹೊಂದಿದರೆ "ವ್ಯತ್ಯಾಸ ಇಲ್ಲ ಎಂದು ಸಾಬೀತಾಯಿತು" ಅಂತ ಆಗುವುದಿಲ್ಲ, ಇದ್ದರೂ ನಮ್ಮ ಕಣ್ಣಿಗೆ ಬೀಳಲಿಲ್ಲ ಅಷ್ಟೇ. ಸಣ್ಣ ಅಧ್ಯಯನಗಳಲ್ಲಿ ಇದು ಬಹಳ ಸಲ ಆಗುತ್ತದೆ.

"ಸರ, ಹಂಗಾದ್ರ ನಮ್ಮ ಊಹೆ ಸೋತ್ರ ಪ್ರಾಜೆಕ್ಟ್ ಫೇಲ್ ಆದಂಗೇನ್ರಿ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲ್ಲ. ಸೋತಿದ್ದನ್ನೂ ಇದ್ದಂತೆ ಬರೆದುಕೊಂಡು ಬಂದರೆ ಪ್ರಾಜೆಕ್ಟ್ ಪಾಸು. ಇದನ್ನು ಸ್ಪಷ್ಟವಾಗಿ ಹೇಳಿ. ಯಾಕೆಂದರೆ ಫೀಲ್ಡ್‌ನವರು ಸಾಹೇಬರಿಗೆ ಯಾವ ಉತ್ತರ ಬೇಕು ಅಂತ ಬೇಗ ಮೂಸಿ ನೋಡುತ್ತಾರೆ.

ಹಂತ 4: ಅಳತೆಯ ಪದಗಳಿಗೆ ಇಡೀ ದಿನ ಕೊಡಿ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ. ಲೆಕ್ಕಾಚಾರದ ತಪ್ಪನ್ನು ಆಫೀಸಿನಲ್ಲಿ ಕೂತು ತಿದ್ದಬಹುದು. ಅಳತೆಯೇ ಕೆಟ್ಟರೆ ಯಾವ ಸಾಫ್ಟ್‌ವೇರೂ ಅದನ್ನು ಸರಿ ಮಾಡುವುದಿಲ್ಲ.

ಕಾರ್ಯಾತ್ಮಕ ವ್ಯಾಖ್ಯೆ ಎಂಬ ಭಾರದ ಪದ ಒಂದಿದೆ. ಹೀಗೆ ಹೇಳಿ: ಇಬ್ಬರು ಬೇರೆ ಬೇರೆ ಊರಲ್ಲಿದ್ದರೂ ಒಂದೇ ರೀತಿ ಬರೆಯುವಷ್ಟು ಬಿಗಿಯಾದ ವಿವರಣೆ. ಬೆಳಗಾವಿ ಅಧ್ಯಯನದಲ್ಲಿ 'ವಿಪರೀತ ರಕ್ತಸ್ರಾವ' ಎಂದರೆ ಹೆರಿಗೆಯಾದ 2 ಗಂಟೆಯೊಳಗೆ 500 ಮಿ.ಲೀ. ಅಥವಾ ಅದಕ್ಕಿಂತ ಹೆಚ್ಚು. 'ತೀವ್ರ' ಎಂದರೆ 1,000 ಮಿ.ಲೀ. ಅಥವಾ ಅದಕ್ಕಿಂತ ಹೆಚ್ಚು. "ಭಾಳ ಹೋತ್ರಿ" ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ.

ಸರಿ, 500 ಮಿ.ಲೀ. ಅಂತ ಹೇಳುವುದು ಹೇಗೆ? ಕಣ್ಣಳತೆಯಲ್ಲಿ ಅಂದಾಜು ಮಾಡಿದರೆ, ರಕ್ತ ಜಾಸ್ತಿ ಹೋದಾಗ ಕಡಿಮೆ ಅಂತಲೇ ಹೇಳುವುದು ಎಲ್ಲ ಕಡೆ ಕಂಡುಬಂದ ಸಂಗತಿ. ಬಟ್ಟೆ, ಚಾಪೆ, ನೆಲ ಎಲ್ಲ ಹೀರಿಕೊಂಡಿರುತ್ತದೆ. ಅದಕ್ಕೇ ಬಾಣಂತಿಯ ಕೆಳಗೆ ಹಾಸುವ, ಕೆಳಗಡೆ ಕೊಳವೆಯಂತೆ ಇಳಿದು ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆಯನ್ನು ಬಳಸಿದರು. ರಕ್ತ ಅದರಲ್ಲಿ ಇಳಿದು ನಿಲ್ಲುತ್ತದೆ, ಗೆರೆ ನೋಡಿ ಬರೆದರಾಯಿತು. ತರಬೇತಿಯಲ್ಲಿ ಇದನ್ನು ತೋರಿಸುವುದು ಸುಲಭ. ಕುಂಕುಮ ಕಲಸಿದ ನೀರನ್ನು ಗೊತ್ತಿರುವಷ್ಟು ಅಳೆದು ಹಳೆಯ ಬೆಡ್‌ಶೀಟ್ ಮೇಲೆ ಸುರಿಯಿರಿ. ಎಲ್ಲರಿಂದಲೂ ಅಂದಾಜು ಬರೆಸಿ, ಚೀಟಿ ಒಟ್ಟು ಮಾಡಿ ಬೋರ್ಡಿನ ಮೇಲೆ ಹಾಕಿ. ಚೀಟಿಗಳು ಒಂದಕ್ಕೊಂದು ಹೊಂದದೇ ಹರಡಿಕೊಂಡರೆ ರಿಲಯಬಿಲಿಟಿ ಇಲ್ಲ. ಎಲ್ಲವೂ ಹತ್ತಿರ ಹತ್ತಿರ ಇದ್ದು, ಎಲ್ಲವೂ ನಿಜಕ್ಕಿಂತ ಕಡಿಮೆ ಇದ್ದರೆ ರಿಲಯಬಿಲಿಟಿ ಇದೆ, ವ್ಯಾಲಿಡಿಟಿ (ನಿಜಕ್ಕೆ ಹತ್ತಿರ ಇರುವುದು) ಇಲ್ಲ. ಎರಡೂ ಪದ ಒಂದೇ ಬೋರ್ಡಿನಲ್ಲಿ ಕಣ್ಣೆದುರೇ ಇರುತ್ತವೆ.

ತೋಟದ ಕೆಲಸದವರಿಗೆ ಇದೇ ಪಾಠವನ್ನು ಬ್ರಿಕ್ಸ್ ಮೀಟರ್ ಹಿಡಿದು ಮಾಡಿ. ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ, ಅದರಲ್ಲೂ ಮಣೂಕ (ಒಣದ್ರಾಕ್ಷಿ) ಮಾಡುವವರಿಗೆ, ಬ್ರಿಕ್ಸ್ ಎಂದರೆ ನೇರ ದುಡ್ಡು. ಒಂದೇ ಗೊನೆಯಲ್ಲಿ ಮೇಲಿನ ಹೆಗಲ ಭಾಗದ ಕಾಳು ಸಾಮಾನ್ಯವಾಗಿ ತುದಿಯ ಕಾಳಿಗಿಂತ ಸಿಹಿ. ಬಿಸಿಲಿಗೆ ಬಿದ್ದ ಗೊನೆಗೂ ಎಲೆಯ ಮರೆಯ ಗೊನೆಗೂ ವ್ಯತ್ಯಾಸ. ಮೀಟರಿಗೆ ಮೊದಲು ಡಿಸ್ಟಿಲ್ಡ್ ವಾಟರ್ ಹಾಕಿ ಸೊನ್ನೆಗೆ ತಂದಿದ್ದೀರಾ? ಉಷ್ಣತೆ ಸರಿದೂಗಿಸುವ ವ್ಯವಸ್ಥೆ ಇಲ್ಲದ ಮೀಟರಾದರೆ ಏಪ್ರಿಲ್ ಮಧ್ಯಾಹ್ನದ ರೀಡಿಂಗೇ ಬೇರೆ, ಬೆಳಗಿನದ್ದೇ ಬೇರೆ. ಹಾಗಾಗಿ ಫಾರ್ಮಿನಲ್ಲಿ ಬರೀ 'ಬ್ರಿಕ್ಸ್' ಅಂತ ಒಂದು ಖಾಲಿ ಜಾಗ ಬಿಟ್ಟರೆ ಸಾಲದು. ಯಾವ ಗೊನೆಯ ಯಾವ ಭಾಗದ ಎಷ್ಟು ಕಾಳು, ಎಷ್ಟು ಗಂಟೆಗೆ, ಸೊನ್ನೆ ನೋಡಿದ್ದು ಯಾವಾಗ, ಇಷ್ಟೂ ಬರೆಯಬೇಕು.

ಸೊನ್ನೆಗೆ ತರದ ಮೀಟರ್ ಪ್ರತಿ ಸಲವೂ ಒಂದು ಡಿಗ್ರಿ ಜಾಸ್ತಿ ತೋರಿಸಿದರೆ ಅದು ಬಯಾಸ್. ಒಂದೇ ಕಡೆಗೆ ವಾಲುತ್ತದೆ, ಎಷ್ಟು ಸಾವಿರ ಗೊನೆ ನೋಡಿದರೂ ಹೋಗುವುದಿಲ್ಲ. ಕಾಳಿನಿಂದ ಕಾಳಿಗೆ ಮೇಲೆ ಕೆಳಗೆ ಆಗುವ ಏರುಪೇರು ರ್ಯಾಂಡಮ್ ಎರರ್. ಜಾಸ್ತಿ ಅಳೆದಷ್ಟೂ ಅದು ಸರಾಸರಿಯಲ್ಲಿ ಕರಗುತ್ತದೆ. ಈ ವ್ಯತ್ಯಾಸ ತಲೆಗೆ ಹೋದವರು ಮುಂದೆ "ಸ್ಯಾಂಪಲ್ ಜಾಸ್ತಿ ಮಾಡಿದ್ರ ಎಲ್ಲಾ ಸರಿ ಆಗ್ತೈತಿ" ಅಂತ ಯಾವತ್ತೂ ಹೇಳುವುದಿಲ್ಲ.

ಹಂತ 5: ಹೋಲಿಕೆ, ಹಂಚಿಕೆ, ಮರೆ

ಬಾಗಲಕೋಟೆಯ ದಾಳಿಂಬೆ ಬೆಳೆಗಾರರಿಗೆ ದುಂಡಾಣು ಅಂಗಮಾರಿ ರೋಗ ಎಂದರೆ ನಿದ್ದೆ ಕೆಡಿಸುವ ವಿಷಯ. ಕ್ಸಾಂಥೋಮೊನಾಸ್ ಎಂಬ ಬ್ಯಾಕ್ಟೀರಿಯಾ, ಮಳೆ ಹನಿ ಸಿಡಿದು ಎಲೆಯಿಂದ ಎಲೆಗೆ, ಗಿಡದಿಂದ ಗಿಡಕ್ಕೆ ಹರಡುತ್ತದೆ. ಈಗ ಒಬ್ಬ ರೈತರು ಹೊಸ ಔಷಧಿ ಹೊಡೆದರು. ಮೂರು ವಾರದಲ್ಲಿ ರೋಗ ಇಳಿಯಿತು. ಔಷಧಿ ಗೆದ್ದಿತೇ?

ಅದೇ ಮೂರು ವಾರದಲ್ಲಿ ಮಳೆಯೂ ನಿಂತಿದೆ. ಮಳೆ ನಿಂತರೆ ರೋಗ ಹರಡುವುದು ತಾನಾಗಿಯೇ ತಗ್ಗುತ್ತದೆ. ಇಲ್ಲಿ ಮಳೆಯೇ ಕನ್‌ಫೌಂಡರ್, ಅಂದರೆ ಫಲಿತಾಂಶದ ಮೇಲೆ ತಾನೂ ಪರಿಣಾಮ ಬೀರುತ್ತ, ನಾವು ಪರೀಕ್ಷಿಸುವ ಸಂಗತಿಯ ಜೊತೆ ಹೆಜ್ಜೆ ಹಾಕುವ ಇನ್ನೊಂದು ಕಾರಣ. ಅದನ್ನು ಬೇರೆ ಮಾಡಲು ಇರುವ ದಾರಿ, ಅದೇ ತೋಟದಲ್ಲಿ ಅದೇ ದಿನಗಳಲ್ಲಿ ಔಷಧಿ ಹೊಡೆಯದ ಕೆಲವು ಸಾಲುಗಳನ್ನು ಬಿಡುವುದು. ಅದೇ ಕಂಟ್ರೋಲ್. ಕಂಟ್ರೋಲ್ ಅಂದ ಕೂಡಲೇ ಕೆಲವರು 'ಹತೋಟಿಯಲ್ಲಿಟ್ಟ ತೋಟ' ಅಂದುಕೊಳ್ಳುತ್ತಾರೆ. ಹೋಲಿಕೆ ಗುಂಪು ಅಂತ ಹೇಳಿಕೊಡಿ, ಗೊಂದಲ ಹೋಗುತ್ತದೆ.

ಯಾವ ಸಾಲನ್ನು ಬಿಡಬೇಕು? ರೈತರನ್ನು ಕೇಳಿದರೆ ಬದುವಿನ ಪಕ್ಕದ ಸೊರಗಿದ ಸಾಲು ತೋರಿಸುತ್ತಾರೆ. ಅದು ಸಹಜ, ಒಳ್ಳೆ ಸಾಲನ್ನು ಯಾರು ಬಿಟ್ಟುಕೊಡುತ್ತಾರೆ? ಅದಕ್ಕೇ ಚೀಟಿ ಎತ್ತಬೇಕು. ಚೀಟಿ ಎತ್ತಿ ಯಾರಿಗೆ ಯಾವುದು ಎಂದು ತೀರ್ಮಾನಿಸುವುದು ರ್ಯಾಂಡಮ್ ಹಂಚಿಕೆ. ನಮಗೆ ಗೊತ್ತಿರುವ ಕನ್‌ಫೌಂಡರ್‌ಗಳ ಜೊತೆಗೆ ಗೊತ್ತಿಲ್ಲದವೂ ಎರಡೂ ಗುಂಪಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ ಎಂಬುದೇ ಅದರ ಬಲ. ಇನ್ನು ತೋಟದ ಒಂದು ಭಾಗ ಎರೆ (ಕಪ್ಪು ಮಣ್ಣು), ಇನ್ನೊಂದು ಭಾಗ ಮಸಾರಿ (ಕೆಂಪು ಮಣ್ಣು) ಇದ್ದರೆ? ಮೊದಲು ಎರೆಯನ್ನು ಒಂದು ಬ್ಲಾಕ್, ಮಸಾರಿಯನ್ನು ಇನ್ನೊಂದು ಬ್ಲಾಕ್ ಮಾಡಿ, ಪ್ರತಿ ಬ್ಲಾಕಿನ ಒಳಗೆ ಬೇರೆ ಬೇರೆ ಚೀಟಿ ಎತ್ತಿ. ಇಂಗ್ಲೆಂಡಿನ ರೋತಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ರೊನಾಲ್ಡ್ ಫಿಶರ್ 1920ರ ದಶಕದಲ್ಲಿ ಕಟ್ಟಿದ ಪದ್ಧತಿ ಇದು. ಹೊಲದಲ್ಲಿ ಹುಟ್ಟಿದ್ದು ಆಮೇಲೆ ಆಸ್ಪತ್ರೆಗೆ ಹೋಯಿತು.

ರೆಪ್ಲಿಕೇಶನ್, ಅಂದರೆ ಅದೇ ಪರೀಕ್ಷೆಯನ್ನು ಬೇರೆ ಬೇರೆ ಪ್ಲಾಟ್‌ಗಳಲ್ಲಿ ಮತ್ತೆ ಮತ್ತೆ ಮಾಡುವುದು, ಅದರ ಬಗ್ಗೆ ಇಲ್ಲೇ ಒಂದು ಮಾತು. ಔಷಧಿ ಹೊಡೆದ ಒಂದು ಪ್ಲಾಟ್, ಹೊಡೆಯದ ಒಂದು ಪ್ಲಾಟ್. ಎರಡರಲ್ಲೂ 30 ಗಿಡ ಎಣಿಸಿದಿರಿ. ನಿಮ್ಮ ಬಳಿ 30 ರೆಪ್ಲಿಕೇಶನ್ ಇದೆಯೇ? ಇಲ್ಲ, ಒಂದೇ ಇದೆ. ಔಷಧಿಯನ್ನು ಹಂಚಿದ್ದು ಪ್ಲಾಟಿಗೆ, ಗಿಡಕ್ಕಲ್ಲ. ಆ ಪ್ಲಾಟಿಗೆ ನೀರು ಚೆನ್ನಾಗಿ ಹರಿದರೆ 30 ಗಿಡಗಳೂ ಒಟ್ಟಿಗೇ ಲಾಭ ಪಡೆಯುತ್ತವೆ. ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಇಲ್ಲಿ ಎಡವುವಷ್ಟು ಬೇರೆಲ್ಲೂ ಎಡವುವುದಿಲ್ಲ. ಎಣಿಕೆ ಮಾಡುವವರಿಗೂ ಗೊತ್ತಿದ್ದರೆ ಪ್ಲಾಟಿನ ನಂಬರ್ ಬರೆಯುವುದನ್ನು ಮರೆಯುವುದಿಲ್ಲ.

ಪ್ಲಸೀಬೊ (ಔಷಧಿ ಇಲ್ಲದ ಗುಳಿಗೆ) ಮತ್ತು ಬ್ಲೈಂಡಿಂಗ್‌ (ಯಾರಿಗೆ ಯಾವುದು ಸಿಕ್ಕಿತು ಎಂಬುದನ್ನು ಮರೆಯಾಗಿಡುವುದು) ಕಲಿಸಲು ಬೆಳಗಾವಿಗೆ ಮರಳಿ. ಸಿಸ್ಟರ್‌ಗೆ ತಾನು ಕೊಡುತ್ತಿರುವುದು ಔಷಧಿಯೋ ಅಲ್ಲವೋ ಗೊತ್ತಿದ್ದರೆ ಏನಾಗುತ್ತದೆ? ಖಾಲಿ ಗುಳಿಗೆ ಅಂತ ಗೊತ್ತಾದರೆ ಗಾಬರಿಯಿಂದ ಬೇಗ ಆಸ್ಪತ್ರೆಗೆ ಕಳಿಸಬಹುದು. ಔಷಧಿ ಅಂತ ಗೊತ್ತಾದರೆ 510 ಇದ್ದದ್ದು 490ರಂತೆ ಕಾಣಬಹುದು. ಇದರಲ್ಲಿ ಮೋಸದ ಪ್ರಶ್ನೆ ಇಲ್ಲ. ಕಣ್ಣು ಮನಸ್ಸಿನ ಮಾತು ಕೇಳುತ್ತದೆ. ಅದಕ್ಕೇ ತಾಯಿಗೂ ಗೊತ್ತಿಲ್ಲ, ಸಿಸ್ಟರ್‌ಗೂ ಗೊತ್ತಿಲ್ಲ.

ಚುರುಕಾದವರು ಇಲ್ಲಿ ಒಂದು ಪ್ರಶ್ನೆ ಹಾಕುತ್ತಾರೆ, ಹಾಕದಿದ್ದರೆ ನೀವೇ ಹಾಕಿ. ಮಿಸೋಪ್ರೋಸ್ಟಾಲ್ ತೆಗೆದುಕೊಂಡವರಲ್ಲಿ ಸ್ವಲ್ಪ ಹೊತ್ತಿನ ನಡುಕ ಮತ್ತು ಜ್ವರ ಜಾಸ್ತಿ ಕಂಡಿತು. ನಡುಕ ನೋಡಿ ಸಿಸ್ಟರ್ ಊಹಿಸಿಬಿಟ್ಟರೆ? ಊಹಿಸಬಹುದು. ಬ್ಲೈಂಡಿಂಗ್ ಹೀಗೆ ಸಡಿಲವಾಗುವುದುಂಟು. ಆಗ ಕೈಹಿಡಿಯುವುದು ಗೆರೆ ಹಾಕಿದ ಆ ಹಾಳೆ. ಮನಸ್ಸು ಏನು ಹೇಳಿದರೂ ಗೆರೆ ಇದ್ದಲ್ಲೇ ಇರುತ್ತದೆ. ಒಂದು ಪದ ಕೈಕೊಟ್ಟ ಕಡೆ ಇನ್ನೊಂದು ಪದ ಕಾಯುತ್ತದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ.

ಹಂತ 6: ಕೀಲಿ ಹಾಕಿದ ಮನೆ

ಸ್ಯಾಂಪಲ್ ಎಂದ ಕೂಡಲೇ "ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಸಾಕು" ಎಂಬ ಉದಾಹರಣೆ ಬರುತ್ತದೆ. ಅದನ್ನು ಬಳಸಬೇಡಿ ಎನ್ನುತ್ತೇನೆ. ಪಾತ್ರೆಯ ಅನ್ನ ಎಲ್ಲ ಕಡೆ ಒಂದೇ ಥರ ಬೆಂದಿರುತ್ತದೆ. ಊರು ಹಾಗಿರುವುದಿಲ್ಲ. ಓಣಿಗೊಂದು ಬದುಕು.

ಸರ್ವೆಯವರನ್ನು ಕೇಳಿ, ಪಟ್ಟಿಯಲ್ಲಿರುವ ಮನೆಗೆ ಕೀಲಿ ಬಿದ್ದಿದ್ದರೆ ಏನು ಮಾಡುತ್ತೀರಿ? "ಬಾಜೂ ಮನೀಗೆ ಹೋಗಿ ಮುಗಿಸ್ಕೊಂಡು ಬರ್ತೀವ್ರಿ." ಹೆಚ್ಚಿನವರ ಉತ್ತರ ಇದೇ. ಕೀಲಿ ಬಿದ್ದ ಮನೆ ಯಾರದ್ದು ಅಂತ ಕೇಳಿ. ವಿಜಯಪುರ, ಬಾಗಲಕೋಟೆಯ ಎಷ್ಟೋ ಹಳ್ಳಿಗಳಿಂದ ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಜನ ಮಹಾರಾಷ್ಟ್ರ, ಗೋವಾ, ಬೆಂಗಳೂರು ಅಂತ ಗುಳೆ ಹೋಗುತ್ತಾರೆ. ಕೀಲಿ ಬಿದ್ದಿರುವುದು ಅವರ ಮನೆಗೆ. ಮಕ್ಕಳ ತೂಕ, ಲಸಿಕೆ, ಶಾಲೆ ಇವುಗಳ ಬಗ್ಗೆ ಸರ್ವೆ ಮಾಡುವಾಗ ಅವರನ್ನೇ ಬಿಟ್ಟು ಬಾಜೂ ಮನೆ ಹಿಡಿದರೆ ಊರು ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ. ಇದು ಸೆಲೆಕ್ಷನ್ ಬಯಾಸ್. ಎಷ್ಟು ಸಲ ಮರಳಿ ಹೋಗಬೇಕು, ಆಮೇಲೂ ಸಿಗದಿದ್ದರೆ ಯಾವ ಕೋಡ್ ಬರೆಯಬೇಕು ಎಂಬುದು ಮೊದಲೇ ನಿಗದಿಯಾಗಿರಬೇಕು. 'ಮನೆ ಸಿಗಲಿಲ್ಲ' ಎಂಬುದೂ ಒಂದು ಮಾಹಿತಿಯೇ, ಅದನ್ನು ಬರೆಯಬೇಕು.

ಹಾಗೆಯೇ, ಚಹಾದಂಗಡಿ ಮುಂದೆ ಸಿಕ್ಕವರನ್ನು ಮಾತಾಡಿಸಿದರೆ ಅದು ರ್ಯಾಂಡಮ್ ಆಗುವುದಿಲ್ಲ. ಸುಮ್ನೆ ಸಿಕ್ಕವರು, ಅಷ್ಟೇ. ರ್ಯಾಂಡಮ್ ಆಗಲು ಪಟ್ಟಿ ಬೇಕು, ಚೀಟಿಯೋ ಕಂಪ್ಯೂಟರೋ ಆರಿಸಬೇಕು, ಆಯ್ಕೆಯಲ್ಲಿ ನಮ್ಮ ಇಷ್ಟಕ್ಕೆ ಜಾಗ ಇರಬಾರದು. ಇಲ್ಲಿ ರ್ಯಾಂಡಮ್ ಆಯ್ಕೆ, ಹಿಂದಿನ ಹಂತದಲ್ಲಿ ಕಂಡದ್ದು ರ್ಯಾಂಡಮ್ ಹಂಚಿಕೆ. ಮೊದಲನೆಯದು ಫಲಿತಾಂಶವನ್ನು ಇಡೀ ಊರಿಗೆ ಅನ್ವಯಿಸಲು ಬೇಕು. ಎರಡನೆಯದು ಕಾರಣ ಯಾವುದೆಂದು ಹೇಳಲು ಬೇಕು. ಬೆಳಗಾವಿ ಅಧ್ಯಯನದಲ್ಲಿ ಇದ್ದದ್ದು ಹಂಚಿಕೆ. ಒಪ್ಪಿಗೆ ಕೊಟ್ಟ ತಾಯಂದಿರನ್ನು ಎರಡು ಗುಂಪಿಗೆ ಹಂಚಿದರು.

ಹಂತ 7: ಅಂಕಿಗಳನ್ನು ಬೆರಳಲ್ಲಿ ಎಣಿಸಿ

ಈಗ ಫಲಿತಾಂಶ. ಔಷಧಿ ಇಲ್ಲದ ಗುಂಪಿನಲ್ಲಿ 100ಕ್ಕೆ 12 ಜನರಿಗೆ ವಿಪರೀತ ರಕ್ತಸ್ರಾವ. ಔಷಧಿ ಗುಂಪಿನಲ್ಲಿ 100ಕ್ಕೆ 6.4. ಎಲ್ಲರ ಕೈಗೂ ಕ್ಯಾಲ್ಕ್ಯುಲೇಟರ್ ಕೊಡಿ.

6.4 ಅನ್ನು 12ರಿಂದ ಭಾಗಿಸಿದರೆ 0.53. ಇದು ರಿಲೇಟಿವ್ ರಿಸ್ಕ್, ಅಂದರೆ ಅಪಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. 12ರಲ್ಲಿ 6.4 ಕಳೆದರೆ 5.6. 100 ಜನರಿಗೆ ಗುಳಿಗೆ ಕೊಟ್ಟರೆ ಐದಾರು ಜನ ಪಾರಾಗುತ್ತಾರೆ. 100 ಅನ್ನು 5.6ರಿಂದ ಭಾಗಿಸಿ, ಸುಮಾರು 18. ಒಬ್ಬ ತಾಯಿಯನ್ನು ಪಾರುಮಾಡಲು 18 ಜನರಿಗೆ ಗುಳಿಗೆ ಕೊಡಬೇಕು. ಮೂರೂ ಒಂದೇ ಸಂಗತಿಯ ಮೂರು ಮುಖ. ಪೇಪರಿನಲ್ಲಿ "ಅಪಾಯ ಅರ್ಧಕ್ಕೆ" ಎಂಬ ಸುದ್ದಿ ಕಂಡಾಗಲೆಲ್ಲ "ಎಷ್ಟರ ಅರ್ಧ?" ಎಂದು ಕೇಳುವ ಅಭ್ಯಾಸ ಇಲ್ಲಿಂದ ಬರಲಿ. 100ಕ್ಕೆ 12ರ ಅರ್ಧ ಬೇರೆ, ಲಕ್ಷಕ್ಕೆ 2ರ ಅರ್ಧ ಬೇರೆ.

ಪಿ-ವ್ಯಾಲ್ಯೂಗೆ ಒಂದೇ ವಾಕ್ಯ ಸಾಕು: ಗುಳಿಗೆಯಿಂದ ಏನೂ ಆಗದೇ ಇದ್ದಿದ್ದರೆ, ಇಷ್ಟು ದೊಡ್ಡ ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರೀ ಹಂಚಿಕೆಯ ಅದೃಷ್ಟದಿಂದ ಬರುವ ಸಾಧ್ಯತೆ ಎಷ್ಟು? ಇಲ್ಲಿ ಅದು 0.0001ಕ್ಕಿಂತ ಕಡಿಮೆ, ಅಂದರೆ ಹತ್ತು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. "ನಮ್ಮ ಊಹೆ ಸುಳ್ಳಾಗಿರುವ ಸಾಧ್ಯತೆ ಇಷ್ಟು" ಎಂದು ಅದನ್ನು ಓದಬಾರದು. ದೊಡ್ಡ ದೊಡ್ಡವರೂ ಹಾಗೆ ಓದುತ್ತಾರೆ. ಇನ್ನು 0.05 ಎಂಬ ಗಡಿ ಬರೀ ರೂಢಿ. ಫಿಶರ್ ಕಾಲದಿಂದ ಬಂದದ್ದು. 0.049 ಬಂದರೆ ಕುಣಿಯುವುದು, 0.051 ಬಂದರೆ ಅಳುವುದು ಎರಡೂ ಬೇಡ.

ಕಾನ್ಫಿಡೆನ್ಸ್ ಇಂಟರ್ವಲ್‌ಗೆ ಜಾಸ್ತಿ ಸಮಯ ಕೊಡಿ, ಪಿ-ವ್ಯಾಲ್ಯೂಗಿಂತ ಅದು ಉಪಯೋಗಿ. 0.53ರ ಪಕ್ಕದಲ್ಲಿ 0.39ರಿಂದ 0.74 ಎಂದು ಬರೆದಿದೆ. ನಮ್ಮ ಅಂಕಿಗಳಿಗೆ ಹೊಂದುವ ಬೆಲೆಗಳ ಹರವು ಅದು. ಅಪಾಯ ನಾಲ್ಕನೇ ಒಂದು ಭಾಗ ಮಾತ್ರ ಕಡಿಮೆಯಾಗಿರಬಹುದು, ಅಥವಾ ಶೇಕಡಾ 60ರಷ್ಟು ಕಡಿಮೆಯಾಗಿರಬಹುದು. ಏನೇ ಆದರೂ 1ರ ಕೆಳಗೇ ಇದೆ (1 ಎಂದರೆ ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲ). ಈಗ ತೀವ್ರ ರಕ್ತಸ್ರಾವ ನೋಡಿ. 100ಕ್ಕೆ 1.2ರಿಂದ 0.2ಕ್ಕೆ ಇಳಿಯಿತು, ರಿಲೇಟಿವ್ ರಿಸ್ಕ್ 0.20. ಕೇಳಲು ಇನ್ನೂ ಭರ್ಜರಿ. ಹರವು ಮಾತ್ರ 0.04ರಿಂದ 0.91. ಯಾಕಿಷ್ಟು ಅಗಲ? ಇಂಥ ಪ್ರಕರಣಗಳೇ ಬೆರಳೆಣಿಕೆಯಷ್ಟು. ಎರಡು ಮೂರು ತಾಯಂದಿರು ಆಚೆ ಈಚೆ ಆಗಿದ್ದರೂ ಅಂಕಿ ಬದಲಾಗುತ್ತಿತ್ತು. ಫೀಲ್ಡ್‌ನಲ್ಲಿ ಒಂದು ಫಾರ್ಮ್ ತಪ್ಪಿದರೆ ಏನು ಮಹಾ ಎನ್ನುವವರಿಗೆ ಈ ಹರವನ್ನು ತೋರಿಸಿ. ಬೇರೇನೂ ಹೇಳುವ ಅಗತ್ಯವಿಲ್ಲ.

ಹಂತ 8: ಮೊದಲೇ ಬರೆದಿಡುವುದು

ಇದು ಚಿಕ್ಕ ಪಾಠ. ಏನನ್ನು ಅಳೆಯುತ್ತೇವೆ, ಯಾವುದು ಮುಖ್ಯ ಫಲಿತಾಂಶ, ಎಷ್ಟು ಜನ ಬೇಕು ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಬರೆದಿಡುವುದು ಪ್ರೋಟೋಕಾಲ್. ಅದನ್ನು ಸಾರ್ವಜನಿಕವಾಗಿ ದಾಖಲಿಸುವುದು ರಿಜಿಸ್ಟ್ರೇಶನ್. ಭಾರತದಲ್ಲಿ ಔಷಧಿ ಪರೀಕ್ಷೆಗಳ ರಿಜಿಸ್ಟ್ರಿ 2007ರಲ್ಲಿ ಶುರುವಾಯಿತು. 2018ರ ಏಪ್ರಿಲ್‌ನಿಂದ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮೊದಲೇ ದಾಖಲಿಸಿದ ಅಧ್ಯಯನಗಳನ್ನು ಮಾತ್ರ ಅದು ಸ್ವೀಕರಿಸುತ್ತದೆ. ಯಾಕೆ ಇಷ್ಟು ಬಿಗಿ? ಇಪ್ಪತ್ತು ಸಂಗತಿ ಅಳೆದು, ಅದೃಷ್ಟದಿಂದ ಚೆನ್ನಾಗಿ ಬಂದ ಒಂದನ್ನು "ನಾವು ಹುಡುಕುತ್ತಿದ್ದದ್ದು ಇದನ್ನೇ" ಎನ್ನುವುದು ಸುಲಭ. ಮೊದಲೇ ಬರೆದಿಟ್ಟರೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಪ್ರೋಟೋಕಾಲ್ ತಪ್ಪಿ ನಡೆದದ್ದನ್ನು ಡೀವಿಯೇಶನ್ ಎನ್ನುತ್ತಾರೆ. ಹೇಳದೇ ಮುಚ್ಚಿಟ್ಟ ಡೀವಿಯೇಶನ್ ಮಾತ್ರ ಅಪರಾಧ. ಬರೆದ ಡೀವಿಯೇಶನ್ ಒಂದು ದಾಖಲೆ, ಅಷ್ಟೇ.

ಹಂತ 9: ತಿರುಗಿಸಿ ಹೇಳಿಸಿ

"ಅರ್ಥ ಆಯ್ತಾ?" ಎಂದು ಕೇಳಬೇಡಿ. "ಆತ್ರಿ" ಎಂಬುದು ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ವ್ಯಾಖ್ಯೆ ಬರೆಯಿರಿ ಅಂತಲೂ ಪರೀಕ್ಷೆ ಇಡಬೇಡಿ. ಅವರದ್ದೇ ಫಾರ್ಮ್ ಕೈಗೆ ಕೊಟ್ಟು ಇಂಥ ಪ್ರಶ್ನೆ ಹಾಕಿ: ಈ ಪುಟದಲ್ಲಿ ಬಯಾಸ್ ನುಗ್ಗಬಹುದಾದ ಜಾಗ ತೋರಿಸಿ. ನಾಳೆ ನಿಮ್ಮ ಜಾಗಕ್ಕೆ ಹೊಸಬರು ಬಂದರೆ ಯಾವ ಕಾಲಮ್ಮನ್ನು ತಪ್ಪಾಗಿ ತುಂಬುತ್ತಾರೆ? ಬ್ಲೈಂಡಿಂಗ್ ಒಡೆಯಿತು ಅಂತ ನಿಮಗೆ ಅನಿಸಿದರೆ ಯಾರಿಗೆ, ಎಷ್ಟು ಹೊತ್ತಿನಲ್ಲಿ ತಿಳಿಸುತ್ತೀರಿ?

ಹಿರಿಯ ಸಿಸ್ಟರ್ ಅಥವಾ ಹಳೆಯ ಫೀಲ್ಡ್‌ಮನ್ ಒಬ್ಬರಿಂದ ಒಂದು ಪದವನ್ನು ಹೊಸಬರಿಗೆ ಹೇಳಿಸಿ. ಅವರು ಬಳಸುವ ಮಾತು ನಿಮ್ಮದಕ್ಕಿಂತ ಚೆನ್ನಾಗಿದ್ದರೆ ಮುಂದಿನ ತರಬೇತಿಗೆ ಅದನ್ನೇ ಎತ್ತಿಕೊಳ್ಳಿ. ಒಂದು ದಿನಕ್ಕೆ ನಾಲ್ಕೈದು ಪದಕ್ಕಿಂತ ಹೆಚ್ಚು ಬೇಡ. ಊಟದ ಮೇಲೆ ಪಿ-ವ್ಯಾಲ್ಯೂ ಅಂತೂ ಬೇಡವೇ ಬೇಡ. ಅಳತೆಯ ಹಂತ ಮತ್ತು ಕೀಲಿ ಮನೆಯ ಹಂತವನ್ನು ತರಗತಿಯಲ್ಲಿ ಮುಗಿಸದೇ, ಸಾಧ್ಯವಾದರೆ ಹತ್ತಿರದ ಒಂದು ಊರಿಗೆ ಕರೆದುಕೊಂಡು ಹೋಗಿ ಮಾಡಿಸಿ. ಎಲ್ಲ ಮುಗಿದ ಮೇಲೆ ಕಲಿತ ಪದಗಳನ್ನು ಒಂದು ಹಾಳೆಯಲ್ಲಿ ಬರೆಸಿ. ಎಡಗಡೆ ಪದ, ಬಲಗಡೆ "ಇದಕ್ಕಾಗಿ ನಾನು ಮಾಡಬೇಕಾದ ಕೆಲಸ". ಫೀಲ್ಡ್ ಪುಸ್ತಕದ ಹಿಂದಿನ ರಟ್ಟಿಗೆ ಅದನ್ನು ಅಂಟಿಸಲಿ. ಬಲಗಡೆ ಖಾಲಿ ಉಳಿದ ಪದ ಯಾವುದೋ, ಮುಂದಿನ ವಾರದ ಪಾಠ ಅಲ್ಲಿಂದಲೇ ಶುರು.